‘ಎಲ್ಲ ಸೇರಿದೆ’ ಎಂದರೆ ಏನೇನು ಸೇರಿದೆ?

ನಮ್ಮ ಮನೆಗಳಿಗೆ ಬರುವ ಲಗ್ನಪತ್ರಿಕೆಗಳಲ್ಲಿ ಈಚೆಗೆ ಒಂದು ಬದಲಾವಣೆ ಕಾಣುತ್ತಿದೆ. ‘ಮದುವೆಯ ಸ್ಥಳ’ ಎಂಬಲ್ಲಿ ಮೊದಲು ಸಮಾಜದ ಮಂಗಲ ಕಾರ್ಯಾಲಯದ ಹೆಸರೋ ಬಸದಿಯ ಪಕ್ಕದ ಸಭಾಭವನದ ಹೆಸರೋ ಇರುತ್ತಿತ್ತು. ಈಗ ಕೆಲವು ಪತ್ರಿಕೆಗಳಲ್ಲಿ ಕಲಂಗುಟ್, ಉತೋರ್ಡಾ, ವರ್ಕಾ ಎಂಬ ಗೋವೆಯ ಕಡಲೂರುಗಳ ಹೆಸರು ಕಾಣುತ್ತದೆ. ಬೆಳಗಾವಿ, ಹುಬ್ಬಳ್ಳಿಯ ಕಡೆಯಿಂದ ದಿಬ್ಬಣದ ಬಸ್ಸು ಹೊರಡುತ್ತದೆ. ಮಕ್ಕಳಿಗೆ ಆಸೆ, ಬೀಗರಿಗೂ ಒಪ್ಪಿಗೆ, ಹಿರಿಯರೂ ‘ಆಗಲಿ’ ಎಂದಿರುತ್ತಾರೆ. ಊರು ಬಿಟ್ಟು ಮದುವೆ ಮಾಡುವುದು ಸರಿಯೇ ತಪ್ಪೇ ಎಂಬ ಚರ್ಚೆಗೆ ಈ ತಿಂಗಳು ನಾವು ಕೈಹಾಕುವುದಿಲ್ಲ. ಮಾಡುವುದೆಂದು ನಿಶ್ಚಯವಾದ ಮೇಲೆ ಬಂದವರನ್ನು ಇಳಿಸುವ ರೆಸಾರ್ಟನ್ನು ಹೇಗೆ ಆರಿಸಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ರೆಸಾರ್ಟಿನವರು ಮೊದಲು ಹೇಳುವ ಮಾತು ‘ಆಲ್ ಇನ್‌ಕ್ಲೂಸಿವ್’ ಎಂದು. ಕೋಣೆ, ಊಟ, ತಿಂಡಿ, ಪಾನೀಯ, ಆಟ ಎಲ್ಲ ಒಂದೇ ದರದಲ್ಲಿ ಸೇರಿದೆ ಎಂದರ್ಥ. ಈ ಬಗೆಯ ರಜೆಯನ್ನು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತಂದದ್ದು 1950ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಡೇರೆ ಹಾಕಿ ಆರಂಭವಾದ ಕ್ಲಬ್ ಮೆಡಿಟರೇನಿ ಎಂಬ ಸಂಸ್ಥೆ. ಒಮ್ಮೆ ಹಣ ಕಟ್ಟಿದ ಮೇಲೆ ಅತಿಥಿ ಮತ್ತೆ ಮತ್ತೆ ಕಿಸೆಗೆ ಕೈಹಾಕಬಾರದು ಎಂಬುದು ಅದರ ಉದ್ದೇಶ. ಒಳ್ಳೆಯ ಉದ್ದೇಶವೇ. ಮದುವೆ ಮನೆಯ ಯಜಮಾನನಿಗಂತೂ ಒಂದೇ ಅಂಕಿ ಕೇಳಿದರೆ ಮನಸ್ಸಿಗೆ ನಿರಾಳ. ಆದರೆ ಆ ಪಟ್ಟಿಯನ್ನು ನಮ್ಮ ಮನೆಗಳನ್ನು ನೋಡಿ ಮಾಡಿದ್ದಲ್ಲ. ನಾವು ಮುಟ್ಟದ ವಸ್ತುಗಳು ಅದರಲ್ಲಿ ಸೇರಿರುತ್ತವೆ, ನಮಗೆ ಬೇಕೇಬೇಕಾದವು ಬಿಟ್ಟುಹೋಗಿರುತ್ತವೆ. ಕಿರ್ದಿ ಖಾತೆ ಬರೆದು ಬದುಕಿದ ನಾವು ‘ಎಲ್ಲ’ ಎಂಬ ಒಂದೇ ಶಬ್ದದ ಮೇಲೆ ರುಜು ಹಾಕಬಾರದು.

ಮೊದಲು ದರದ ಬಗೆಗಳನ್ನು ತಿಳಿದುಕೊಳ್ಳೋಣ. ಹೋಟೆಲಿನವರ ಭಾಷೆಯಲ್ಲಿ ಯುರೋಪಿಯನ್ ಪ್ಲಾನ್ ಎಂದರೆ ಬರೀ ಕೋಣೆ. ಕಾಂಟಿನೆಂಟಲ್ ಪ್ಲಾನ್ ಎಂದರೆ ಕೋಣೆ ಮತ್ತು ಬೆಳಗಿನ ಉಪಾಹಾರ. ಮಾಡಿಫೈಡ್ ಅಮೆರಿಕನ್ ಪ್ಲಾನ್ ಎಂದರೆ ಉಪಾಹಾರದ ಜೊತೆಗೆ ಒಂದು ಹೊತ್ತಿನ ಊಟ. ಅಮೆರಿಕನ್ ಪ್ಲಾನ್ ಎಂದರೆ ಉಪಾಹಾರ ಮತ್ತು ಎರಡು ಹೊತ್ತಿನ ಊಟ. ಇದರ ಮೇಲೆ ಮದ್ಯ, ಸಂಜೆಯ ತಿನಿಸು, ಮನರಂಜನೆ ಕೂಡಿಸಿದರೆ ‘ಎಲ್ಲ ಸೇರಿದ’ ದರವಾಗುತ್ತದೆ. ಹೆಚ್ಚಿನ ಹಣ ಹೋಗುವುದು ಈ ಕೊನೆಯ ಮೆಟ್ಟಿಲಿಗೆ. ಉದಾಹರಣೆಗೆ, ಅಮೆರಿಕನ್ ಪ್ಲಾನಿನಲ್ಲಿ ಕೋಣೆಗೆ 11,000 ರೂ., ಎಲ್ಲ ಸೇರಿದ್ದಕ್ಕೆ 14,000 ರೂ. ಎಂದು ಹಿಡಿಯೋಣ. 60 ಕೋಣೆ, ಎರಡು ರಾತ್ರಿ ಎಂದರೆ ವ್ಯತ್ಯಾಸ 3,60,000 ರೂ. ಈ ಅಂಕಿಗಳು ಲೆಕ್ಕ ತೋರಿಸಲು ನಾವು ಹಾಕಿದವು; ನಿಮ್ಮ ಕೊಟೇಶನ್ನಿನ ಅಂಕಿ ಹಾಕಿ ನೀವೇ ನೋಡಿಕೊಳ್ಳಿ. ಯಾರೂ ಕುಡಿಯದ ಪಾನೀಯಕ್ಕೆ ಅಷ್ಟು ಹಣ ಏಕೆ? ‘ಮದ್ಯ ಬಿಟ್ಟು ದರ ಹೇಳಿ’ ಎಂದು ಕೇಳಲು ಸಂಕೋಚ ಬೇಡ. ಮದ್ಯ ಕಳೆದು ಉಳಿಯುವ ಹಣವನ್ನು ಮುಂದೆ ಹೇಳುವ ಏರ್ಪಾಡುಗಳಿಗೆ ತಿರುಗಿಸಿ ಎಂದು ಚೌಕಾಶಿ ಮಾಡಿರಿ.

ಈಗ ಬಿಟ್ಟುಹೋದವುಗಳ ಕಡೆ ಬರೋಣ. ಎಲ್ಲಕ್ಕೂ ಮೊದಲನೆಯದು ಹೊತ್ತು.

ಸಮುದ್ರದ ದಂಡೆಯ ರೆಸಾರ್ಟಿನ ದಿನಚರಿಯೆಲ್ಲ ಸೂರ್ಯಾಸ್ತದ ಸುತ್ತ ಕಟ್ಟಿದ್ದು. ಸಂಜೆ ಎಲ್ಲರೂ ದಂಡೆಗೆ ಹೋಗಿ ಸೂರ್ಯ ಮುಳುಗುವುದನ್ನು ನೋಡಬೇಕು, ಬಂದು ಬಟ್ಟೆ ಬದಲಿಸಬೇಕು, ಏಳೂವರೆಗೆ ಊಟ ತೆರೆಯಬೇಕು. ನಮ್ಮ ಹಿರಿಯರು ಆ ಹೊತ್ತಿಗೆ ಊಟ ಮುಗಿಸಿ ಬಾಯಿ ತೊಳೆದಿರಬೇಕಾದವರು. ಗೋವೆಯಲ್ಲಿ ನವೆಂಬರ್ ಕೊನೆ, ಡಿಸೆಂಬರ್ ಮೊದಲಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತದೆ. ಫೆಬ್ರುವರಿ ನಡುವಿಗೆ ಆರೂವರೆ ದಾಟುತ್ತದೆ, ಮೇ ತಿಂಗಳಲ್ಲಿ ಏಳಕ್ಕೆ ಹತ್ತಿರವಾಗುತ್ತದೆ. ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವ ನಿಯಮವಿರುವವರಿಗೆ ಡಿಸೆಂಬರಿನಲ್ಲಿ ಐದೂ ಕಾಲೇ ಕೊನೆ. ಅನೇಕ ರೆಸಾರ್ಟುಗಳಲ್ಲಿ ಮಧ್ಯಾಹ್ನ ಮೂರಕ್ಕೆ ಊಟದ ಮನೆ ಮುಚ್ಚಿದರೆ ರಾತ್ರಿಯವರೆಗೆ ಚಹಾ ಬಿಸ್ಕೀಟು ಬಿಟ್ಟು ಬೇರೇನೂ ಇರುವುದಿಲ್ಲ.

ನಾವು ಹೋಗಿದ್ದ ಒಂದು ಮದುವೆಯಲ್ಲಿ ಹೀಗೇ ಆಯಿತು. ರೆಸಾರ್ಟಿನ ಹೆಸರು ಬೇಡ. ವರನ ಸೋದರತ್ತೆ, ಎಪ್ಪತ್ತು ದಾಟಿದವರು, ಮದುವೆಯ ಹಿಂದಿನ ಸಂಜೆ ಕೋಣೆಯಲ್ಲೇ ಉಳಿದಿದ್ದರು. ಸೊಸೆ ಹೋಗಿ, ‘ಅತ್ತಿ, ಊಟ ಆತೇನ್ರಿ?’ ಎಂದು ಕೇಳಿದಳು. ‘ಹಸಿವಿಲ್ಲವಾ, ನೀ ಹೋಗು’ ಎಂದರು. ಅವರು ಮನೆಯಿಂದ ತಂದಿದ್ದ ಹಚ್ಚಿದ ಅವಲಕ್ಕಿಯ ಡಬ್ಬಿ ಮಧ್ಯಾಹ್ನವೇ ಮೊಮ್ಮಕ್ಕಳ ಕೈಯಲ್ಲಿ ಖಾಲಿಯಾಗಿತ್ತು ಎಂಬುದು ಮರುದಿನ ತಿಳಿಯಿತು. ಐದು ಗಂಟೆಗೆ ಅವರು ಊಟದ ಮನೆಯ ಬಾಗಿಲವರೆಗೆ ಹೋಗಿ, ಮುಚ್ಚಿದ್ದು ನೋಡಿ, ಯಾರಿಗೂ ಹೇಳದೆ ಹಿಂದಿರುಗಿದ್ದರು. ತಲೆಗೆ ಇಷ್ಟು ಸಾವಿರ ಎಂದು ಹಣ ಕಟ್ಟಿದ ಮನೆಯಲ್ಲಿ ಹಿರಿಯರೊಬ್ಬರು ಹಸಿದು ಮಲಗಿದರು. ಇಂಥವರು ಕೇಳುವುದಿಲ್ಲ. ಮದುವೆಯ ಮನೆಗೆ ತೊಂದರೆಯಾಗಬಾರದು ಎಂದು ಸುಮ್ಮನಿರುತ್ತಾರೆ. ಆದ್ದರಿಂದ ಅವರ ಪರವಾಗಿ ಯಜಮಾನನೇ ಮೊದಲು ಕೇಳಬೇಕು. ‘ಸಂಜೆ ನಾಲ್ಕೂವರೆಯಿಂದ ಬಿಸಿ ಊಟ ಪೂರ್ತಿ ಬಡಿಸುತ್ತೀರಾ?’ ಎಂಬ ಪ್ರಶ್ನೆಗೆ ‘ಹೌದು’ ಎನ್ನದ ರೆಸಾರ್ಟನ್ನು, ಅದರ ದಂಡೆ ಎಷ್ಟೇ ಚೆಂದವಿರಲಿ, ಪಟ್ಟಿಯಿಂದ ತೆಗೆದುಹಾಕಿರಿ.

ಈ ಹೊತ್ತಿನ ಲೆಕ್ಕ ರೆಸಾರ್ಟಿನಲ್ಲಿ ಮಾತ್ರವಲ್ಲ, ದಾರಿಯಲ್ಲೂ ಇದೆ. ಬೆಳಗಾವಿಯಿಂದ ಉತ್ತರ ಗೋವೆಗೆ ಹೋಗುವವರು ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ ದಾಟಿ ಚೋರ್ಲಾ ಘಟ್ಟ ಇಳಿಯುತ್ತಾರೆ. ಘಟ್ಟದ ಕೆಳಗೆ ಕೇರಿ. ಅಲ್ಲಿಂದ ಒಂದು ದಾರಿ ಸಾಂಖಳಿಗೆ, ಇನ್ನೊಂದು ಸತ್ತರಿ ತಾಲೂಕಿನ ಮುಖ್ಯ ಪಟ್ಟಣವಾದ ವಾಳಪೈಗೆ. ವಾಳಪೈಯಲ್ಲಿ ಸಮುದ್ರವಿಲ್ಲ. ಮಹದಾಯಿ ನದಿ, ಗೋಡಂಬಿ ತೋಪು, ಅಡಿಕೆ ತೋಟ, ಸುತ್ತ ಕಾಡು. ಗೋವೆ ಎಂದೊಡನೆ ಕಡಲನ್ನೇ ನೆನೆಯುವವರಿಗೆ ಈ ಊರು ಲೆಕ್ಕಕ್ಕೇ ಬರುವುದಿಲ್ಲ. ಆದರೆ ದಿಬ್ಬಣದ ಬಸ್ಸಿನವರಿಗೆ ಇದು ಮುಖ್ಯವಾದ ಊರು. ಬೆಳಗಾವಿಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ಎರಡು ಗಂಟೆಗೆ ಹೊರಟ ಬಸ್ಸು ಘಟ್ಟದ ತಿರುವುಗಳನ್ನು ಇಳಿದು ಇಲ್ಲಿಗೆ ಬರುವಾಗ ಐದಾಗಿರುತ್ತದೆ. ಕಡಲದಂಡೆ ಇನ್ನೂ ಒಂದೂವರೆ ಗಂಟೆಯ ದಾರಿ. ಚಳಿಗಾಲದಲ್ಲಾದರೆ ರೆಸಾರ್ಟು ಮುಟ್ಟುವ ಹೊತ್ತಿಗೆ ಕತ್ತಲು. ಅಲ್ಲಿ ಎಂಥ ಭೋಜನ ಕಾದಿದ್ದರೂ ಬಸ್ಸಿನ ಅರ್ಧ ಜನಕ್ಕೆ ಅದು ನಾಳೆಯ ಮಾತು.

ಇದಕ್ಕೆ ಎರಡೇ ಉಪಾಯ. ಬೆಳಿಗ್ಗೆಯೇ ಹೊರಟು ಮಧ್ಯಾಹ್ನಕ್ಕೆ ರೆಸಾರ್ಟು ಸೇರುವುದು ಒಂದು. ಅಂಗಡಿ ಮುಚ್ಚಿ ತಡವಾಗಿ ಹೊರಡುವವರಿದ್ದರೆ, ವಾಳಪೈಯಂಥ ಘಟ್ಟದ ಕೆಳಗಿನ ಊರಿನಲ್ಲಿ ಮೊದಲೇ ಒಂದು ಸ್ಥಳ ಗೊತ್ತುಮಾಡಿ ಸಂಜೆಯ ಬುತ್ತಿ ಬಿಚ್ಚುವುದು ಇನ್ನೊಂದು. ಚಪಾತಿ, ಕಾಳಿನ ಪಲ್ಯ, ಚಟ್ನಿಪುಡಿ, ಮೊಸರನ್ನ, ಸೋಸಿ ಕಾಯಿಸಿದ ನೀರು ಬಸ್ಸಿನಲ್ಲೇ ಇರಲಿ. ಇದಕ್ಕೆ ತಗಲುವ ಖರ್ಚು ಅತ್ಯಲ್ಪ. ರೆಸಾರ್ಟನ್ನು ನಕಾಶೆಯಲ್ಲಿ ನೋಡುವಾಗ ವಿಮಾನ ನಿಲ್ದಾಣದಿಂದ ಎಷ್ಟು ದೂರ ಎಂದು ಮಾತ್ರ ನೋಡದೆ, ನಿಮ್ಮ ಹೆಚ್ಚಿನ ನೆಂಟರು ಯಾವ ದಾರಿಯಿಂದ ಯಾವ ಹೊತ್ತಿಗೆ ಬರುತ್ತಾರೆ ಎಂದು ನೋಡಿರಿ. ಚೋರ್ಲಾದಿಂದ ಇಳಿಯುವವರಿಗೆ ಉತ್ತರದ ಬಾರ್ದೇಶ ಕಡಲು ಹತ್ತಿರ. ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್ ಮೂಲಕ ರೈಲಿನಲ್ಲಿ ಮಡಗಾಂವ್‌ಗೆ ಬರುವವರಿಗೆ ದಕ್ಷಿಣದ ಸಾಲಸೆಟ್ಟೆಯ ದಂಡೆ ಅನುಕೂಲ. ವಿಮಾನದವರಿಗೆ ದಕ್ಷಿಣಕ್ಕೆ ದಾಬೋಳಿ, ಉತ್ತರಕ್ಕೆ 2023ರ ಜನವರಿಯಿಂದ ಸಂಚಾರ ಆರಂಭಿಸಿದ ಮೋಪಾದ ಮನೋಹರ ನಿಲ್ದಾಣ ಇವೆ.

ಎರಡನೆಯದು ಅಡಿಗೆಮನೆ. ‘ಜೈನ್ ಫುಡ್ ಸಿಗುತ್ತದೆಯೇ?’ ಎಂದು ಕೇಳಿದರೆ ಎಲ್ಲರೂ ‘ಸಿಗುತ್ತದೆ’ ಎನ್ನುತ್ತಾರೆ. ಹೆಚ್ಚಿನ ಕಡೆ ಅದರ ಅರ್ಥ ಈರುಳ್ಳಿ, ಬೆಳ್ಳುಳ್ಳಿ ಇಲ್ಲ ಎಂದಷ್ಟೇ. ಆಲೂಗಡ್ಡೆ, ಗಜ್ಜರಿ, ಮೂಲಂಗಿ, ಬೀಟ್‌ರೂಟ್, ಹಸಿಶುಂಠಿ ಹಾಗೇ ಇರುತ್ತವೆ. ಕೇಕಿಗೆ ಮೊಟ್ಟೆ, ಪುಡ್ಡಿಂಗಿಗೆ ಜೆಲಟಿನ್, ಸಿಹಿಗೆ ಜೇನುತುಪ್ಪ ಬಿದ್ದಿರುತ್ತದೆ. ಆದ್ದರಿಂದ ಹೆಸರು ಹೇಳದೆ ಪಟ್ಟಿ ಕೊಡಿರಿ. ಬೇಡವಾದವುಗಳನ್ನು ಒಂದು ಕಾಗದದಲ್ಲಿ, ಬಳಸಬಹುದಾದವುಗಳನ್ನು ಇನ್ನೊಂದರಲ್ಲಿ ಬರೆದು ಮುಖ್ಯ ಅಡಿಗೆಯವರ ಕೈಗೇ ಕೊಡಿರಿ. ಹಸಿಶುಂಠಿಯ ಬದಲು ಒಣಶುಂಠಿ, ಆಲೂಗಡ್ಡೆಯ ಬದಲು ಬಾಳೆಕಾಯಿ ಎಂದು ಬದಲಿಯನ್ನೂ ಸೂಚಿಸಿದರೆ ಅವರಿಗೂ ಕೆಲಸ ಹಗುರ. ಪ್ರತ್ಯೇಕ ಒಲೆ, ಪಾತ್ರೆ, ಎಣ್ಣೆ, ಚಾಕು ಇವೆಯೇ? ನಮ್ಮ ಅಡಿಗೆಯವರನ್ನು ಕರೆತಂದರೆ ಒಳಗೆ ಬಿಡುತ್ತಾರೆಯೇ, ಅದಕ್ಕೆ ಎಷ್ಟು ಶುಲ್ಕ? ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ ಕಾಯಿಸಿ ಇಡುವವರು ಯಾರು? ಇವನ್ನೆಲ್ಲ ಕೇಳಬೇಕು.

ಕಡಲದಂಡೆಯ ಅಡಿಗೆಮನೆಯಲ್ಲಿ ಮೀನು ಮಾಂಸ ದಿನವೂ ಬೇಯುತ್ತದೆ. ನೀವು ದೊಡ್ಡ ರೆಸಾರ್ಟಿನ ಅರ್ಧ ಕೋಣೆ ಹಿಡಿದರೆ ಉಳಿದರ್ಧದ ಅತಿಥಿಗಳಿಗಾಗಿ ಅದು ಬೇಯಲೇಬೇಕು. ನಿಮ್ಮ ಮಂಟಪದ ಪಕ್ಕದಲ್ಲೇ ಅವರ ಊಟದ ಮೇಜು ಇರಬಹುದು. ಇಲ್ಲಿ ನಮ್ಮ ಸಲಹೆ ಸ್ಪಷ್ಟ: ದೊಡ್ಡದರ ಅರ್ಧಕ್ಕಿಂತ ಸಣ್ಣದರ ಪೂರ್ತಿ ಮೇಲು. 60 ಕೋಣೆಯ ರೆಸಾರ್ಟಿನಲ್ಲಿ ಇಬ್ಬರು ಮೂವರಂತೆ 130ರಿಂದ 150 ಮಂದಿ ಹಿಡಿಯುತ್ತಾರೆ. ಅಷ್ಟನ್ನೂ ನೀವೇ ತೆಗೆದುಕೊಂಡರೆ ಎರಡು ದಿನ ಆ ಅಡಿಗೆಮನೆಯಲ್ಲಿ ಸಸ್ಯಾಹಾರ ಮಾತ್ರ ಎಂದು ಷರತ್ತು ಹಾಕಬಹುದು, ಊಟದ ಹೊತ್ತನ್ನೂ ನೀವೇ ನಿಶ್ಚಯಿಸಬಹುದು, ಮದ್ಯದ ಕಟ್ಟೆಯನ್ನು ಮುಚ್ಚಿಸಬಹುದು. ಕರೆಯುವವರ ಪಟ್ಟಿ 300 ಇದ್ದರೆ ಅದನ್ನು 150ಕ್ಕೆ ಇಳಿಸಿ, ಉಳಿದವರಿಗೆ ಊರಿನಲ್ಲಿ ಒಂದು ಹಗಲೂಟ ಇಟ್ಟುಕೊಳ್ಳುವುದು ಎಲ್ಲರಿಗೂ ಹಿತ.

ಇದು ಅತಿಯಾಯಿತು ಎನ್ನುವ ಯುವಕರಿಗೆ ಭಗವಾನ್ ನೇಮಿನಾಥರ ಕಥೆಯನ್ನು ನೆನಪಿಸಬೇಕು. ದಿಬ್ಬಣದ ರಥದಲ್ಲಿ ಬರುತ್ತಿದ್ದ ವರ, ದೊಡ್ಡಿಯಲ್ಲಿ ಕೂಡಿಹಾಕಿದ ಪ್ರಾಣಿಗಳ ಆರ್ತನಾದ ಕೇಳಿದರು. ಮದುವೆಗೆ ಬಂದವರ ಊಟಕ್ಕಾಗಿ ಅವು ಎಂದು ತಿಳಿದೊಡನೆ ರಥ ತಿರುಗಿಸಿದರು. ರಾಜೀಮತಿಯ ಮನೆಯ ಮಂಟಪ ಬರಿದಾಯಿತು. ಅತಿಥಿಗಳ ತಟ್ಟೆಗೆ ಏನು ಬರುತ್ತದೆ ಎಂಬ ಪ್ರಶ್ನೆ ನಮ್ಮ ಪರಂಪರೆಯಲ್ಲಿ ಮದುವೆಯಷ್ಟೇ ಹಳೆಯದು. ಗೋವೆಯ ಮಣ್ಣಿಗೂ ಈ ಹೆಸರು ಹೊಸದಲ್ಲ. ಫೋಂಡಾ ತಾಲೂಕಿನ ಬಾಂದಿವಡೆಯಲ್ಲಿ ವಿಜಯನಗರ ಕಾಲದ ನೇಮಿನಾಥ ಬಸದಿಯ ಅವಶೇಷವಿದೆ. ಡಿಚೋಲಿ ತಾಲೂಕಿನ ಕುಡಣೆಯಲ್ಲಿ, ನಾರ್ವೆಯಲ್ಲಿ ಪಾಳುಬಿದ್ದ ಜಿನಾಲಯಗಳಿವೆ. ಕುಡಣೆ ಸಾಂಖಳಿಯ ಬಳಿಯಲ್ಲೇ ಇದ್ದು ವಾಳಪೈ ಕಡೆಯಿಂದ ಬರುವವರಿಗೆ ದೂರವಲ್ಲ. ಮದುವೆಯ ಮರುದಿನ ಮಕ್ಕಳನ್ನು ಕಡಲಿಗೆ ಒಯ್ಯುವಂತೆ ಒಂದು ಬೆಳಗು ಇಲ್ಲಿಗೂ ಕರೆದೊಯ್ಯಬಹುದು.

ಇವು ಅವಶೇಷಗಳು, ನಿತ್ಯ ಪೂಜೆಯ ಬಸದಿಗಳಲ್ಲ. ದೇವದರ್ಶನವಾಗದೆ ಅನ್ನ ಮುಟ್ಟದ ನಿಯಮ ಹಿಡಿದವರು ನೆಂಟರಲ್ಲಿ ಇದ್ದೇ ಇರುತ್ತಾರೆ. ಅವರಿಗಾಗಿ ಹತ್ತಿರದ ಪಟ್ಟಣದ ಜಿನಮಂದಿರ ಎಲ್ಲಿದೆ, ಬೆಳಿಗ್ಗೆ ಎಷ್ಟಕ್ಕೆ ಬಾಗಿಲು ತೆರೆಯುತ್ತದೆ ಎಂದು ಅಲ್ಲಿನ ಸಮಾಜದವರಲ್ಲಿ ವಿಚಾರಿಸಿ, ಮುಂಜಾನೆ ಒಂದು ವಾಹನ ಗೊತ್ತುಮಾಡಿ ಇಡಿರಿ. ರೆಸಾರ್ಟಿನಿಂದ ಅದು ಒಂದು ಗಂಟೆಗಿಂತ ಹೆಚ್ಚಿನ ದಾರಿಯಾದರೆ ಬೇರೆ ರೆಸಾರ್ಟು ನೋಡಿರಿ.

ತಾರೀಖಿನ ವಿಷಯ. ಗೋವೆಯಲ್ಲಿ ದರ ಆಕಾಶಕ್ಕೇರುವುದು ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗೆ. ಅದು ಧನುರ್ಮಾಸ, ನಮ್ಮಲ್ಲಿ ಹೇಗೂ ಮುಹೂರ್ತ ವಿರಳ. ಜನವರಿಯ ನಡುವಿನಿಂದ ಫೆಬ್ರುವರಿಯವರೆಗೆ ಹವೆ ಹಿತ, ಹಗಲೂ ಸ್ವಲ್ಪ ಉದ್ದ. ಅಷ್ಟಮಿ, ಚತುರ್ದಶಿ ಬಿಟ್ಟು ನೋಡಿರಿ. ಆ ದಿನ ಹಸಿ ತರಕಾರಿ ಬಿಡುವವರು, ಉಪವಾಸ ಮಾಡುವವರು ಬಹಳ. ಕಾರ್ತಿಕ, ಫಾಲ್ಗುಣಗಳ ಅಷ್ಟಾಹ್ನಿಕ ಪರ್ವವನ್ನೂ ಪಂಚಾಂಗದಲ್ಲಿ ಗುರುತುಮಾಡಿಕೊಳ್ಳಿ. ಬರುವವರು ವ್ಯಾಪಾರಿಗಳು ಎಂಬುದೂ ನೆನಪಿರಲಿ. ದೂರದ ಮದುವೆ ಎಂದರೆ ಮೂರು ದಿನ ಅಂಗಡಿಯ ಬಾಗಿಲು ಮುಚ್ಚಬೇಕು. ತಿಂಗಳ 20ನೆಯ ತಾರೀಖು ಜಿಎಸ್‌ಟಿ ರಿಟರ್ನ್ ತುಂಬುವ ಕೊನೆಯ ದಿನ; ಅದರ ಅಕ್ಕಪಕ್ಕ ಮುಹೂರ್ತವಿಟ್ಟರೆ ಅರ್ಧ ಗಂಡಸರು ಮಂಟಪದಲ್ಲಿ ಫೋನು ಹಿಡಿದೇ ಕೂರುತ್ತಾರೆ.

ರೆಸಾರ್ಟನ್ನು ನೋಡಲು ಹೋದಾಗ ಹಿರಿಯರ ಕಾಲಿನಿಂದ ನಡೆದು ನೋಡಿರಿ. ಕೋಣೆಯಿಂದ ಊಟದ ಮನೆಗೆ ಎಷ್ಟು ಹೆಜ್ಜೆ, ಎಷ್ಟು ಮೆಟ್ಟಿಲು? ನೆಲಮಾಳಿಗೆಯ ಮಟ್ಟದಲ್ಲೇ ಎಷ್ಟು ಕೋಣೆ ಕೊಡುತ್ತಾರೆ? ಮರಳಿನಲ್ಲಿ ಗಾಲಿಕುರ್ಚಿ ಉರುಳುವುದಿಲ್ಲ, ಗಾಳಿಗೆ ಹೋಮದ ಅಗ್ನಿ ನಿಲ್ಲುವುದಿಲ್ಲ. ದಂಡೆಯ ಮೇಲೆ ಮಂಟಪ ಕಟ್ಟಲು ಕರಾವಳಿ ನಿಯಂತ್ರಣ ನಿಯಮದಂತೆ ಅಪ್ಪಣೆಯೂ ಬೇಕಾಗುತ್ತದೆ. ಆದ್ದರಿಂದ ವಿಧಿಗಳು ಸಭಾಂಗಣದಲ್ಲೋ ಒಳಗಿನ ಅಂಗಳದಲ್ಲೋ ಹಗಲಿನಲ್ಲೇ ನಡೆಯಲಿ, ಚಿತ್ರ ತೆಗೆಸಿಕೊಳ್ಳಲು ಮಾತ್ರ ಕಡಲಿರಲಿ. ರಾತ್ರಿ ಹುಲ್ಲುಹಾಸಿನ ಮೇಲೆ ದೀಪ ಸುರಿದು ಊಟವಿಟ್ಟರೆ ಹುಳುಗಳು ಮುತ್ತಿ ಸಾಯುತ್ತವೆ, ಅನ್ನಕ್ಕೂ ಬೀಳುತ್ತವೆ. ಬಯಲಿನಲ್ಲಿ ಧ್ವನಿವರ್ಧಕಕ್ಕೆ ರಾತ್ರಿ ಹತ್ತರ ಮಿತಿ 2000ದ ಶಬ್ದಮಾಲಿನ್ಯ ನಿಯಮಗಳಿಂದಲೇ ಬಂದಿದೆ. ಹಗಲಿನ ಮದುವೆ ಎಲ್ಲ ರೀತಿಯಲ್ಲೂ ಸುಲಭ. ಮಕ್ಕಳಿಗೆ ಒಂದು ಮಾತು: ಜೀವರಕ್ಷಕರು ಇರುವಲ್ಲಿ ಮಾತ್ರ ನೀರಿಗಿಳಿಯಬೇಕು, ಕೆಂಪು ಬಾವುಟ ಕಂಡರೆ ಇಳಿಯಬಾರದು, ಕತ್ತಲಾದ ಮೇಲೆ ಬೇಡವೇ ಬೇಡ.

ಕೊನೆಗೆ ಬಿಲ್ಲು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ. ವರೆಗಿನ ಕೋಣೆಗೆ ಶೇ. 5, ಅದಕ್ಕೆ ಮೇಲ್ಪಟ್ಟರೆ ಶೇ. 18 ಜಿಎಸ್‌ಟಿ ಇದೆ. 7,400 ರೂ. ಕೋಣೆ ತೆರಿಗೆ ಸೇರಿ 7,770 ರೂ. ಆದರೆ 7,600 ರೂ. ಕೋಣೆ 8,968 ರೂ. ಆಗುತ್ತದೆ. 60 ಕೋಣೆಗೆ ಎರಡು ರಾತ್ರಿಗೆ ಈ ವ್ಯತ್ಯಾಸವೇ 1,43,760 ರೂ. ಊಟ ಸೇರಿಸಿ ಒಂದೇ ದರ ಹಾಕಿದಾಗ ಕೋಣೆ ಈ ಗಡಿ ದಾಟುತ್ತದೆಯೇ, ಬಿಲ್ಲನ್ನು ಹೇಗೆ ಬರೆಯುತ್ತಾರೆ ಎಂದು ಮುಂಗಡ ಕೊಡುವ ಮೊದಲೇ ಕೇಳಿ ನಿಮ್ಮ ಆಡಿಟರಿಗೆ ತೋರಿಸಿರಿ. ಸಂಜೆ ಊಟದ ಹೊತ್ತು, ಬೇಡವಾದ ಪದಾರ್ಥಗಳ ಪಟ್ಟಿ, ಒಲೆ ಪಾತ್ರೆಗಳ ಏರ್ಪಾಡು, ಮದ್ಯ ಕಳೆದ ದರ, ಮದುವೆ ಮುಂದೆ ಹೋದರೆ ಮುಂಗಡದ ಗತಿ ಇವಿಷ್ಟೂ ಕರಾರಿನಲ್ಲಿ ಅಕ್ಷರದಲ್ಲಿರಲಿ. ರುಜು ಹಾಕುವ ಮೊದಲು ಮನೆಯ ಇಬ್ಬರು ಹಿರಿಯ ಹೆಂಗಸರು ಅಲ್ಲಿ ಒಂದು ದಿನ ಉಳಿದು, ಸಂಜೆ ಐದಕ್ಕೆ ಊಟ ಕೇಳಿ ನೋಡಲಿ. ಆ ಒಂದು ಊಟದಿಂದ ತಿಳಿಯುವಷ್ಟು ಬಣ್ಣದ ಪುಸ್ತಿಕೆಯಿಂದ ತಿಳಿಯುವುದಿಲ್ಲ.

ಲಗ್ನಪತ್ರಿಕೆ ಅಚ್ಚು ಹಾಕಿಸುವಾಗ ಮುಹೂರ್ತದ ಕೆಳಗೆ ಇನ್ನೊಂದು ಸಾಲು ಸೇರಿಸಬೇಕೆಂದು ನಮ್ಮ ಓದುಗ ಬಂಧುಗಳಲ್ಲಿ ವಿನಂತಿ: ‘ಸಂಜೆಯ ಭೋಜನ 4-30ರಿಂದ ಸೂರ್ಯಾಸ್ತದವರೆಗೆ. ಬಸ್ಸಿನಲ್ಲಿ ಬರುವವರಿಗೆ ವಾಳಪೈಯಲ್ಲಿ ಊಟದ ಏರ್ಪಾಡಿದೆ.’ ಈ ಎರಡು ವಾಕ್ಯ ಓದಿದ ಹಿರಿಯರು ಅವಲಕ್ಕಿಯ ಡಬ್ಬಿ ಇಲ್ಲದೆಯೇ ಧೈರ್ಯವಾಗಿ ಹೊರಡುತ್ತಾರೆ.